ಮಗುವಿನ ಮೊದಲ ಪಿಯಾನೊ: ಕೊಳ್ಳುವ ಮುನ್ನ ಒಂದಿಷ್ಟು ವಿಚಾರ

‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆ ಕನ್ನಡಿಗರೆಲ್ಲರಿಗೂ ಪರಿಚಿತವಾದುದೇ. ತನ್ನ ಅಸಾಮರ್ಥ್ಯವನ್ನು ಮರೆಮಾಚಲು ಉಪಕರಣವನ್ನು ದೂರುವವರನ್ನು ಕುರಿತು ಹುಟ್ಟಿದ ಮಾತಿದು. ಆದರೆ ಕೆಲವು ಪ್ರಸಂಗಗಳಲ್ಲಿ ನೆಲವು ನಿಜವಾಗಿಯೂ ಡೊಂಕಾಗಿರುತ್ತದೆ. ಕುಣಿಯಬಂದವಳು ಆರು ವರ್ಷದ ಬಾಲೆಯಾದರೆ, ಡೊಂಕು ನೆಲದ್ದೋ ತನ್ನ ಕಾಲಿನದೋ ಎಂದು ವಿವೇಚಿಸುವ ಶಕ್ತಿ ಆಕೆಗೆ ಇರುವುದಿಲ್ಲ. ಹಿರಿಯರು ‘ಇವಳಿಗೆ ಕುಣಿತ ಒಗ್ಗದು’ ಎಂದರೆ ಅದನ್ನೇ ನಂಬಿ ಆಕೆ ಸುಮ್ಮನಾಗುತ್ತಾಳೆ. ಪಿಯಾನೊ ಪಾಠಕ್ಕೆ ಸೇರುವ ಮಕ್ಕಳಲ್ಲಿ ಅನೇಕರಿಗೆ ಒದಗುವ ಗತಿ ಇದೇ ಆಗಿದೆ.

ಠಾಣೆಯ ವರ್ತಕ ನಗರ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಸಂಗೀತವೆಂದರೆ ಬಹುಕಾಲ ಭಜನೆ, ಹಾರ್ಮೋನಿಯಂ, ತಬಲಾ, ಯಕ್ಷಗಾನದ ಚೆಂಡೆ ಮದ್ದಳೆಗಳೇ ಆಗಿದ್ದವು. ಈಗಿನ ಮಕ್ಕಳು ಅವುಗಳ ಜೊತೆಗೆ ಗಿಟಾರು, ಕೀಬೋರ್ಡು, ಪಿಯಾನೊಗಳ ತರಗತಿಗಳಿಗೂ ಹೋಗುತ್ತಾರೆ. ಇದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ವಿದ್ಯೆಗೆ ಊರಿನ ಗಡಿಯಿಲ್ಲ. ಆದರೆ ಹಾರ್ಮೋನಿಯಂ ಕೊಳ್ಳುವಾಗ ಸಲಹೆ ನೀಡಲು ಮನೆಯಲ್ಲಿ ಒಬ್ಬ ಅಜ್ಜನೋ, ಭಜನಾ ಮಂಡಳಿಯ ಒಬ್ಬ ಹಿರಿಯರೋ ಇರುತ್ತಿದ್ದರು. ಪಿಯಾನೊ ವಿಷಯದಲ್ಲಿ ಹಾಗೆ ಬಲ್ಲವರು ನಮ್ಮ ಮನೆಗಳಲ್ಲಿ ವಿರಳ. ಆದುದರಿಂದ ಪಾಲಕರು ಅಂಗಡಿಯವನ ಮಾತು, ನೆರೆಮನೆಯವರ ಉದಾಹರಣೆ ಮತ್ತು ತಮ್ಮ ಕೈಚೀಲ, ಈ ಮೂರನ್ನೇ ನೆಚ್ಚಿ ನಿರ್ಧಾರಕ್ಕೆ ಬರುತ್ತಾರೆ.

ಸಾಮಾನ್ಯವಾಗಿ ಆ ನಿರ್ಧಾರವು ಹೀಗಿರುತ್ತದೆ: ‘ಮೊದಲು ಅಗ್ಗದ ಒಂದನ್ನು ಕೊಡಿಸೋಣ, ಮಗು ಆಸಕ್ತಿ ತೋರಿದರೆ ಮುಂದೆ ಒಳ್ಳೆಯದನ್ನು ಕೊಂಡರಾಯಿತು.’ ಕೇಳುವುದಕ್ಕೆ ಇದು ವಿವೇಕದ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಗೃಹಸ್ಥನ ಜಾಣ್ಮೆಯೂ ಇದರಲ್ಲಿದೆ. ಆದರೆ ಈ ವಾದದಲ್ಲಿ ಒಂದು ದೋಷವು ಅಡಗಿದೆ. ಆಸಕ್ತಿಯು ಬಹುಮಟ್ಟಿಗೆ ವಾದ್ಯದಿಂದಲೇ ಹುಟ್ಟತಕ್ಕದ್ದು. ಬೆರಳಿಗೆ ಮರುನುಡಿಯದ ವಾದ್ಯವನ್ನು ಕೊಟ್ಟು, ಆಸಕ್ತಿ ಹುಟ್ಟುವುದೇ ಎಂದು ಕಾಯುವುದು, ಒದ್ದೆ ಕಟ್ಟಿಗೆ ಇಟ್ಟು ಬೆಂಕಿ ಹತ್ತುವುದೇ ಎಂದು ಪರೀಕ್ಷಿಸಿದಂತೆ. ಪರೀಕ್ಷೆಯಲ್ಲಿ ಸೋತದ್ದು ಕಟ್ಟಿಗೆ. ಅಪವಾದ ಮಾತ್ರ ಬೆಂಕಿಯ ಮೇಲೆ.

ಪಿಯಾನೊ ಎಂಬ ಹೆಸರಿನಲ್ಲೇ ಇರುವ ಅರ್ಥ

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ವಾದ್ಯಶಿಲ್ಪಿ 1700ರ ಸುಮಾರಿಗೆ ಈ ವಾದ್ಯವನ್ನು ರೂಪಿಸಿದ. ಅದಕ್ಕೆ ಮುನ್ನ ಯುರೋಪಿನಲ್ಲಿ ಬಳಕೆಯಲ್ಲಿದ್ದ ಹಾರ್ಪ್ಸಿಕಾರ್ಡ್ ಎಂಬ ವಾದ್ಯದಲ್ಲಿ ಕೀಯನ್ನು ಒತ್ತಿದಾಗ ತಂತಿಯು ಮೀಟಲ್ಪಡುತ್ತಿತ್ತು. ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ನಾದದ ಗಾತ್ರ ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿಯು ಮೀಟುವುದರ ಬದಲಾಗಿ ಪುಟ್ಟ ಸುತ್ತಿಗೆಯಿಂದ ತಂತಿಯನ್ನು ತಟ್ಟುವ ಯಂತ್ರವನ್ನು ಕಲ್ಪಿಸಿದ. ಬೆರಳು ಎಷ್ಟು ವೇಗವಾಗಿ ಇಳಿಯಿತೋ ಅಷ್ಟು ವೇಗವಾಗಿ ಸುತ್ತಿಗೆ ಏಳುತ್ತದೆ; ಅದಕ್ಕೆ ತಕ್ಕಂತೆ ನಾದವು ಮೃದುವಾಗಿಯೋ ಗಟ್ಟಿಯಾಗಿಯೋ ಹೊಮ್ಮುತ್ತದೆ. ಇಟಾಲಿಯನ್ ಭಾಷೆಯಲ್ಲಿ ‘ಪಿಯಾನೊ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಗಟ್ಟಿಯಾಗಿ. ವಾದ್ಯದ ಮೊದಲ ಹೆಸರಿನಲ್ಲಿ ಈ ಎರಡು ಪದಗಳೂ ಇದ್ದವು.

ಅಂದಮೇಲೆ ಮೆಲ್ಲಗೂ ಗಟ್ಟಿಯಾಗಿಯೂ ನುಡಿಯಲಾರದ ಯಂತ್ರವು, ನೋಡಲು ಎಷ್ಟೇ ಪಿಯಾನೊದಂತಿದ್ದರೂ, ಪಿಯಾನೊ ಕಲಿಯಲು ಯೋಗ್ಯವಲ್ಲ. ಮಗುವಿನ ಬೆರಳು ಮೊದಲ ವರ್ಷದಲ್ಲಿ ಕಲಿಯಬೇಕಾದುದು ರಾಗಗಳ ಸಂಖ್ಯೆಯನ್ನಲ್ಲ. ‘ಹೀಗೆ ಒತ್ತಿದರೆ ಹೀಗೆ ಕೇಳುತ್ತದೆ’ ಎಂಬ ಕಾರ್ಯಕಾರಣ ಸಂಬಂಧವನ್ನು ಬೆರಳೂ ಕಿವಿಯೂ ಕೂಡಿಯೇ ಅರಿಯಬೇಕು. ಆ ಸಂಬಂಧವೇ ಇಲ್ಲದ ವಾದ್ಯದ ಮೇಲೆ ಆರು ತಿಂಗಳು ಅಭ್ಯಾಸ ಮಾಡಿದ ಮಗು, ಗುರುಗಳ ಮನೆಯ ನಿಜವಾದ ಪಿಯಾನೊ ಮುಂದೆ ಕುಳಿತಾಗ ಕೀಗಳು ಭಾರವೆನಿಸಿ ತಬ್ಬಿಬ್ಬಾಗುತ್ತದೆ. ಮನೆಯಲ್ಲಿ ಸರಾಗವಾಗಿ ನುಡಿಸಿದ್ದು ಅಲ್ಲಿ ತಡವರಿಸುತ್ತದೆ. ಗುರುಗಳು ‘ಅಭ್ಯಾಸ ಮಾಡಿಲ್ಲವೇನು?’ ಎನ್ನುತ್ತಾರೆ. ಮಗುವಿಗೆ ಉತ್ತರ ತಿಳಿಯದು.

ಅಂಗಡಿಯಲ್ಲಿ ಕಾಣುವ ಮೂರು ಬಗೆಗಳು

ಪಾಲಕರ ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಈ ವಾದ್ಯಗಳಲ್ಲಿ ಮೂರು ಪ್ರತ್ಯೇಕ ಜಾತಿಗಳಿವೆ.

ಮೊದಲನೆಯದು ಎಲೆಕ್ಟ್ರಾನಿಕ್ ಕೀಬೋರ್ಡು. ಸಾಮಾನ್ಯವಾಗಿ 61 ಕೀಗಳು, ಎಂದರೆ ಐದು ಸಪ್ತಕಗಳು. ಆಟಿಕೆಯ ಮಾದರಿಗಳಲ್ಲಿ ಇನ್ನೂ ಕಡಿಮೆ. ಕೀಗಳ ಅಗಲವೂ ಕಿರಿದು. ನೂರಾರು ಬಗೆಯ ಸ್ವರಗಳು, ತಾನಾಗಿಯೇ ಬಾರಿಸುವ ತಾಳಗಳು, ಮಿನುಗುವ ದೀಪಗಳು ಇದರಲ್ಲಿರುತ್ತವೆ. ಇದು ಹೀನವಾದ ವಾದ್ಯವೆಂದು ಭಾವಿಸಬಾರದು. ತನ್ನದೇ ಆದ ವಿದ್ಯೆಯುಳ್ಳ ಬೇರೊಂದು ವಾದ್ಯವಿದು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗಳಲ್ಲಿ ಪಿಯಾನೊಗೂ ಎಲೆಕ್ಟ್ರಾನಿಕ್ ಕೀಬೋರ್ಡಿಗೂ ಪ್ರತ್ಯೇಕ ಪಠ್ಯಕ್ರಮಗಳೇ ಇವೆ. ಆದುದರಿಂದ ಹಣ ಕೊಡುವ ಮುನ್ನ ಗುರುಗಳನ್ನು ‘ನೀವು ಕಲಿಸುವುದು ಪಿಯಾನೊವನ್ನೋ ಕೀಬೋರ್ಡನ್ನೋ?’ ಎಂದು ಕೇಳಿ ತಿಳಿಯುವುದು ಪಾಲಕರ ಪ್ರಥಮ ಕರ್ತವ್ಯ. ಈ ಒಂದು ಪ್ರಶ್ನೆ ಅರ್ಧ ಗೊಂದಲವನ್ನು ನಿವಾರಿಸುತ್ತದೆ.

ಎರಡನೆಯದು ಡಿಜಿಟಲ್ ಪಿಯಾನೊ. ಇದರಲ್ಲಿ ನಿಜವಾದ ಪಿಯಾನೊದಂತೆ 88 ಕೀಗಳು, 52 ಬಿಳಿ ಮತ್ತು 36 ಕಪ್ಪು, ಇರುತ್ತವೆ. ತಂತಿ ಇರುವುದಿಲ್ಲ, ನಾದವು ವಿದ್ಯುತ್ತಿನಿಂದ ಬರುತ್ತದೆ. ಆದರೆ ಒಳ್ಳೆಯ ಮಾದರಿಗಳಲ್ಲಿ ಪ್ರತಿ ಕೀಯ ಹಿಂದೆ ಸುತ್ತಿಗೆಯನ್ನು ಹೋಲುವ ಒಂದು ಭಾರವಿದ್ದು, ಬೆರಳಿಗೆ ಪಿಯಾನೊದ ತೂಕವೇ ತಾಗುತ್ತದೆ. ನಿಜವಾದ ಪಿಯಾನೊದಲ್ಲಿ ಮಂದ್ರದ ಕೀಗಳು ತುಸು ಭಾರ, ತಾರದವು ತುಸು ಹಗುರ. ಉತ್ತಮ ಡಿಜಿಟಲ್ ಪಿಯಾನೊಗಳು ಈ ವ್ಯತ್ಯಾಸವನ್ನೂ ಅನುಸರಿಸುತ್ತವೆ.

ಮೂರನೆಯದು ತಂತಿಗಳುಳ್ಳ ಅಸಲಿ ಪಿಯಾನೊ. ಗೋಡೆಗೆ ಒರಗಿಸಿಡುವ ನಿಲುವು ಪಿಯಾನೊವೇ ಸುಮಾರು ಇನ್ನೂರು ಕಿಲೋ ತೂಗುತ್ತದೆ. ಒಳಗೆ ಇನ್ನೂರಕ್ಕೂ ಮಿಕ್ಕಿದ ಉಕ್ಕಿನ ತಂತಿಗಳು ಹಲವು ಟನ್ನುಗಳ ಸೆಳೆತದಲ್ಲಿ ಬಿಗಿದಿರುತ್ತವೆ. ಇದರ ನಾದಕ್ಕೆ ಸಾಟಿಯಿಲ್ಲವೆಂಬುದು ನಿರ್ವಿವಾದ. ಆದರೆ ಠಾಣೆಯಂಥ ಪ್ರದೇಶದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ, ಗಾಳಿಯ ತೇವ ಈ ವಾದ್ಯಕ್ಕೆ ಶತ್ರುಗಳು. ಮರ ಉಬ್ಬುತ್ತದೆ, ಕೀ ಅಂಟಿಕೊಳ್ಳುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ, ಶ್ರುತಿ ಇಳಿಯುತ್ತದೆ. ವರ್ಷಕ್ಕೆ ಒಂದೆರಡು ಬಾರಿಯಾದರೂ ತಜ್ಞರನ್ನು ಕರೆಸಿ ಶ್ರುತಿಗೂಡಿಸಬೇಕು. ವರ್ತಕ ನಗರದ ಹಳೆಯ ಗೃಹಮಂಡಳಿಯ ಕಟ್ಟಡಗಳಂತೆ ಲಿಫ್ಟು ಇಲ್ಲದ ಮನೆಗಳಲ್ಲಿ ಇದನ್ನು ಮೇಲೇರಿಸುವುದೇ ಒಂದು ಸಾಹಸ. ಕಟ್ಟಡದ ಪುನರ್ನಿರ್ಮಾಣದ ನಿಮಿತ್ತ ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಗಳಲ್ಲಿ ದಿನ ಕಳೆಯುವ ಕುಟುಂಬಗಳಿಗಂತೂ, ಪ್ರತಿ ಬಾರಿ ಮನೆ ಬದಲಿಸುವಾಗಲೂ ಇದು ಎರಡನೆಯ ಸಂಸಾರವಾದೀತು.

ಈ ಮೂರನ್ನೂ ತೂಗಿ ನೋಡಿದಾಗ, ಪಿಯಾನೊವನ್ನೇ ಕಲಿಯಬಯಸುವ ಮಗುವಿಗೆ, ಈ ಪರಿಸರದ ಮಧ್ಯಮ ವರ್ಗದ ಮನೆಯಲ್ಲಿ, ತೂಕದ ಕೀಗಳುಳ್ಳ 88 ಕೀಗಳ ಸರಳ ಡಿಜಿಟಲ್ ಪಿಯಾನೊವೇ ಮೊದಲ ವಾದ್ಯವಾಗಿ ಯುಕ್ತವಾದುದು. ಅದರಲ್ಲಿ ನೂರು ಸ್ವರಗಳು ಬೇಡ, ಒಂದು ಒಳ್ಳೆಯ ಪಿಯಾನೊ ಸ್ವರ ಸಾಕು. ತಾಳದ ಗುಂಡಿಗಳು ಬೇಡ, ಕಾಲಿನಿಂದ ಒತ್ತುವ ಒಂದು ಪೆಡಲ್ ಬೇಕು. ಅಲ್ಲಾಡದ ಒಂದು ನಿಲುಕಟ್ಟು ಬೇಕು. ಗುಣ ಇರುವುದು ಗುಂಡಿಗಳ ಸಂಖ್ಯೆಯಲ್ಲಲ್ಲ, ಕೀಯ ತೂಕದಲ್ಲಿ.

ಅಜ್ಜನ ಹಾರ್ಮೋನಿಯಂ ಸಾಲದೇ?

ಕನ್ನಡ ಮನೆಗಳಲ್ಲಿ ಸಹಜವಾಗಿ ಏಳುವ ಪ್ರಶ್ನೆಯಿದು. ಊರಿನಿಂದ ತಂದ ಹಾರ್ಮೋನಿಯಂ ಅಟ್ಟದ ಮೇಲಿರುವಾಗ ಬೇರೊಂದು ಪೆಟ್ಟಿಗೆಗೆ ಹಣ ಸುರಿಯುವುದೇಕೆ? ಬಿಳಿ ಕಪ್ಪು ಕೀಗಳ ಜೋಡಣೆ ಎರಡರಲ್ಲೂ ಒಂದೇ ಅಲ್ಲವೇ?

ಜೋಡಣೆಯೇನೋ ಒಂದೇ. ಹಾರ್ಮೋನಿಯಂ ಕೂಡ ಯುರೋಪಿನಲ್ಲಿ ಹುಟ್ಟಿದ್ದು. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ಡೆಬೇನ್ ಇದಕ್ಕೆ ಹಕ್ಕುಪತ್ರ ಪಡೆದ. ಅಲ್ಲಿ ಅದು ಕುರ್ಚಿಯಲ್ಲಿ ಕುಳಿತು ಕಾಲಿನಿಂದ ತಿದಿಯೊತ್ತಿ ನುಡಿಸುವ ವಾದ್ಯವಾಗಿತ್ತು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಕೈತಿದಿಯ ಹಾರ್ಮೋನಿಯಂ ನಿರ್ಮಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನುಡಿಸುವ ನಮ್ಮ ಪದ್ಧತಿಗೆ ಅದನ್ನು ಒಗ್ಗಿಸಿದರು. ಮುಂದೆ ನಾಟಕ ಕಂಪನಿಗಳು, ಭಜನಾ ಮಂಡಳಿಗಳು, ಹಿಂದುಸ್ತಾನಿ ಗಾಯಕರು ಅದನ್ನು ತಮ್ಮದಾಗಿಸಿಕೊಂಡರು. ಮೀಂಡ್, ಗಮಕಗಳಿಗೆ ಒದಗದೆಂಬ ಕಾರಣದಿಂದ 1940ರಲ್ಲಿ ಆಕಾಶವಾಣಿಯು ಅದನ್ನು ಹೊರಗಿಟ್ಟಿತು. 1971ರಲ್ಲಿ ನಿಷೇಧವನ್ನು ಸಡಿಲಿಸಲಾಯಿತು. ಅದೇ ಹಾರ್ಮೋನಿಯಂಗೆ ಬೆಳಗಾವಿಯ ಪಂಡಿತ ಆರ್. ಕೆ. ಬಿಜಾಪುರೆಯವರು (1917–2010) ತಮ್ಮ ಬಾಳನ್ನು ಮುಡಿಪಾಗಿಟ್ಟು, ಸಾಥಿಗೂ ಸ್ವತಂತ್ರವಾದನಕ್ಕೂ ಗೌರವ ತಂದು, ಅಸಂಖ್ಯ ಶಿಷ್ಯರನ್ನು ಸಿದ್ಧಪಡಿಸಿದರು.

ಆದರೂ ಪಿಯಾನೊ ಕಲಿಕೆಗೆ ಹಾರ್ಮೋನಿಯಂ ಮೆಟ್ಟಿಲಾಗದು. ಕಾರಣಗಳು ಎರಡು. ಹಾರ್ಮೋನಿಯಂನಲ್ಲಿ ಸಾಮಾನ್ಯವಾಗಿ ಒಂದು ಕೈ ತಿದಿಗೆ, ಇನ್ನೊಂದು ಕೈ ಸ್ವರಕ್ಕೆ. ಪಿಯಾನೊದಲ್ಲಿ ಎರಡೂ ಕೈಗಳು ಬೇರೆ ಬೇರೆ ಮಾತನ್ನು ಏಕಕಾಲಕ್ಕೆ ಆಡಬೇಕು. ಆ ವಿದ್ಯೆಯ ತಿರುಳೇ ಅದು. ಎರಡನೆಯದಾಗಿ, ಹಾರ್ಮೋನಿಯಂನಲ್ಲಿ ನಾದದ ಏರಿಳಿತವು ತಿದಿಯ ಗಾಳಿಯಿಂದ ಬರುತ್ತದೆಯೇ ಹೊರತು ಬೆರಳಿನ ಹೊಡೆತದಿಂದಲ್ಲ. ಕೀಯನ್ನು ಒತ್ತಿ ಹಿಡಿದು ಗಾಳಿ ಊಡುವಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಾದರೋ ತಟ್ಟಿದ ಕ್ಷಣದಿಂದಲೇ ಸ್ವರವು ಕ್ಷೀಣಿಸತೊಡಗುತ್ತದೆ. ಎರಡರ ಸ್ವಭಾವವೇ ಬೇರೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮಗುವಿಗೆ ಹಾಡುವುದರಲ್ಲಿ ಒಲವಿದ್ದು, ಮನೆಯಲ್ಲಿ ಹಾರ್ಮೋನಿಯಂ ಇದ್ದು, ಹತ್ತಿರದಲ್ಲಿ ಒಳ್ಳೆಯ ಗುರುಗಳೂ ಇದ್ದರೆ, ಹಾರ್ಮೋನಿಯಂನ್ನೇ ಕಲಿಸುವುದು ಪಿಯಾನೊ ಕಲಿಸುವುದಕ್ಕಿಂತ ಯಾವ ರೀತಿಯಲ್ಲಿಯೂ ಕಡಿಮೆಯಲ್ಲ. ನೆರೆಮನೆಯ ಮಗು ಪಿಯಾನೊ ಕಲಿಯುತ್ತದೆಂಬ ಒಂದೇ ಕಾರಣಕ್ಕೆ ಅಟ್ಟದ ಹಾರ್ಮೋನಿಯಂನ್ನು ಗುಜರಿಗೆ ಹಾಕುವುದು ಬುದ್ಧಿವಂತಿಕೆಯಲ್ಲ. ಪ್ರತಿಷ್ಠೆಗಾಗಿ ಆರಿಸಿದ ವಾದ್ಯವನ್ನು ನುಡಿಸಬೇಕಾದವರು ಪಾಲಕರಲ್ಲ, ಮಗು.

ಮಗುವಿನ ಮೈಗೂ ಕಿವಿಗೂ ಸಂಬಂಧಿಸಿದ್ದು

ಪಿಟೀಲು ಕಲಿಯುವ ಮಗುವಿಗೆ ತೋಳಿನ ಉದ್ದಕ್ಕೆ ತಕ್ಕಂತೆ ಅರ್ಧ, ಕಾಲು ಅಳತೆಯ ಪಿಟೀಲುಗಳು ದೊರೆಯುತ್ತವೆ. ಪಿಯಾನೊದಲ್ಲಿ ಆ ಸೌಕರ್ಯವಿಲ್ಲ. ಒಂದು ಸಪ್ತಕದ ಅಗಲ ಸುಮಾರು 16.5 ಸೆಂಟಿಮೀಟರ್, ವಾದ್ಯ ದೊಡ್ಡವರಿಗೂ ಅದೇ, ಚಿಕ್ಕವರಿಗೂ ಅದೇ. ಕಿರಿದಾದ ಕೀಗಳ ಆಟಿಕೆಯನ್ನು ಕೊಟ್ಟರೆ ಮಗುವಿನ ಕೈಗೆ ಅನುಕೂಲವೆಂದು ತೋರಬಹುದು. ಆದರೆ ಅದರ ಮೇಲೆ ರೂಢಿಯಾದ ಅಂತರಗಳನ್ನು ಮುಂದೆ ಮರೆತು ಹೊಸದಾಗಿ ಕಲಿಯಬೇಕಾಗುತ್ತದೆ. ಆದುದರಿಂದ ಕೀಯ ಅಳತೆ ಪೂರ್ಣವಾಗಿಯೇ ಇರಲಿ. ಮಗುವಿಗೆ ಹೊಂದಿಸಬೇಕಾದುದು ಆಸನವನ್ನು.

ಎತ್ತರ ಹೊಂದಿಸಬಹುದಾದ ಆಸನವೊಂದನ್ನು ವಾದ್ಯದ ಜೊತೆಗೇ ಕೊಳ್ಳಬೇಕು, ಇದು ಐಷಾರಾಮವಲ್ಲ. ಮಗು ಕುಳಿತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಹೆಗಲು ಮೇಲೆತ್ತಿರಬಾರದು, ಬೆನ್ನು ಗೂನಾಗಬಾರದು. ಕಾಲು ನೆಲಕ್ಕೆ ಎಟುಕದಿದ್ದರೆ ಒಂದು ಗಟ್ಟಿಯಾದ ಮಣೆಯನ್ನೋ ಸಣ್ಣ ಸ್ಟೂಲನ್ನೋ ಪಾದದಡಿ ಇಡಬೇಕು. ಜೋತುಬಿದ್ದ ಕಾಲುಗಳ ಮಗುವು ಸಮತೋಲಕ್ಕಾಗಿ ತನ್ನ ಸೊಂಟವನ್ನೂ ಹೆಗಲನ್ನೂ ಬಿಗಿಹಿಡಿಯುತ್ತದೆ. ಆ ಬಿಗಿತ ಮಣಿಕಟ್ಟಿಗೆ ಇಳಿಯುತ್ತದೆ. ಮಂಚದ ಮೇಲೆ ಕೀಬೋರ್ಡನ್ನಿಟ್ಟು ಬಗ್ಗಿ ನುಡಿಸುವ ಅಭ್ಯಾಸವನ್ನು ಮೊದಲ ದಿನವೇ ತಪ್ಪಿಸಬೇಕು. ಹೊಸದಾಗಿ ಕಲಿಯುವ ಸಣ್ಣ ಮಕ್ಕಳಿಗೆ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷಗಳ ಅಭ್ಯಾಸ ಸಾಕು. ನೋವು ಬಂದರೆ ನಿಲ್ಲಿಸಬೇಕು. ನೋವನ್ನು ಸಹಿಸಿ ನುಡಿಸುವುದು ಸಾಧನೆಯಲ್ಲ. ನೋವು ಮರುಕಳಿಸಿದರೆ ಗುರುಗಳಿಗೂ ವೈದ್ಯರಿಗೂ ತಿಳಿಸಬೇಕು.

ಗೋಡೆಗೆ ಗೋಡೆ ತಾಗಿದ ವಸತಿಗಳಲ್ಲಿ ಶಬ್ದದ ಪ್ರಶ್ನೆಯೂ ಇದೆ. ತಂದೆತಾಯಿಯರಿಬ್ಬರೂ ಲೋಕಲ್ ಗಾಡಿಯಲ್ಲಿ ಮನೆ ಸೇರುವ ಹೊತ್ತಿಗೆ ರಾತ್ರಿ ಎಂಟೂವರೆ ಆಗಿರುತ್ತದೆ. ಮಗುವಿನ ಅಭ್ಯಾಸಕ್ಕೆ ಹಿರಿಯರು ಜೊತೆಗಿರುವ ಸಮಯವೂ ಅದೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ ಹತ್ತರ ನಂತರ 45 ಡೆಸಿಬಲ್. ಕಾನೂನಿಗಿಂತ ಮಿಗಿಲಾಗಿ, ನೆರೆಯವರ ಮನೆಯಲ್ಲಿ ವೃದ್ಧರೋ ಪರೀಕ್ಷೆಗೆ ಓದುವ ವಿದ್ಯಾರ್ಥಿಯೋ ಇರುತ್ತಾರೆಂಬ ಅರಿವು ಇರಬೇಕು. ಡಿಜಿಟಲ್ ಪಿಯಾನೊಗೆ ಹೆಡ್‌ಫೋನ್ ಜೋಡಿಸಬಹುದಾದುದರಿಂದ ಈ ತೊಂದರೆ ನೀಗುತ್ತದೆ.

ಆದರೆ ನೆರೆಯವರ ಕಿವಿಯನ್ನು ಕಾಯಲು ಹೋಗಿ ಮಗುವಿನ ಕಿವಿಯನ್ನು ಕಡೆಗಣಿಸಬಾರದು. ವೈಯಕ್ತಿಕ ಶ್ರವಣಸಾಧನಗಳ ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾನದಂಡವು ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬಲ್, ಮಕ್ಕಳಿಗೆ ಅಷ್ಟೇ ಕಾಲ 75 ಡೆಸಿಬಲ್ ಎಂದು ಮಿತಿಯನ್ನು ಸೂಚಿಸುತ್ತದೆ. ಸಾಧಾರಣ ಸಂಭಾಷಣೆ 60 ಡೆಸಿಬಲ್ ಆಸುಪಾಸಿನದು. ಪಾಲಕರು ಮೊದಲು ತಾವೇ ಹೆಡ್‌ಫೋನ್ ಧರಿಸಿ ಹಿತವಾದ ಮಟ್ಟವನ್ನು ಕಂಡುಕೊಂಡು, ಧ್ವನಿಯ ಗುಂಡಿಯ ಬಳಿ ಒಂದು ಗುರುತಿನ ಚೀಟಿ ಅಂಟಿಸಿ, ಅದನ್ನು ಮೀರಕೂಡದೆಂದು ಮಗುವಿಗೆ ತಿಳಿಸುವುದು ಸುಲಭೋಪಾಯ. ಹಗಲಿನಲ್ಲಿ ಸಾಧ್ಯವಾದಷ್ಟೂ ಹೆಡ್‌ಫೋನ್ ಇಲ್ಲದೆಯೇ ನುಡಿಸಲಿ. ಮಗುವಿನ ಸಂಗೀತ ಮನೆಯವರ ಕಿವಿಗೂ ಬೀಳಬೇಕು. ಯಾರೂ ಕೇಳದ ಅಭ್ಯಾಸ ಬೇಗ ಬಾಡುತ್ತದೆ.

ಪಿಯಾನೊ ಕಲಿತರೆ ಬುದ್ಧಿ ಚುರುಕಾಗುತ್ತದೆ, ಗಣಿತದಲ್ಲಿ ಅಂಕಗಳು ಏರುತ್ತವೆ ಎಂಬ ಮಾರಾಟದ ಮಾತಿಗೂ ಕಿವಿಗೊಡಬೇಕಾಗಿಲ್ಲ. ‘ಮೊಜಾರ್ಟ್ ಪರಿಣಾಮ’ವೆಂದು ಪ್ರಸಿದ್ಧವಾದ 1993ರ ಅಮೆರಿಕದ ಪ್ರಯೋಗವನ್ನು ನಡೆಸಿದ್ದು ಮಕ್ಕಳ ಮೇಲಲ್ಲ, 36 ಮಂದಿ ಕಾಲೇಜು ವಿದ್ಯಾರ್ಥಿಗಳ ಮೇಲೆ, ಅದೂ ಸಂಗೀತ ಕಲಿಕೆಯ ಬಗೆಗಲ್ಲ, ಹತ್ತು ನಿಮಿಷ ಕೇಳುವುದರ ಬಗೆಗೆ, ಕಂಡುಬಂದ ಅಲ್ಪ ಪರಿಣಾಮವೂ ಕಾಲು ಗಂಟೆಯೊಳಗೆ ಅಳಿದುಹೋಗಿತ್ತು. ಸಂಗೀತವನ್ನು ಸಂಗೀತಕ್ಕಾಗಿ ಕಲಿಸಿದರೆ ಸಾಕು. ಅಂಕಗಳ ಆಸೆಯಿಂದ ಕೊಂಡ ಪಿಯಾನೊ, ಅಂಕಗಳು ಇಳಿದ ದಿನ ಮೂಲೆ ಸೇರುತ್ತದೆ.

ಖರ್ಚಿನ ಲೆಕ್ಕ

ಬೆಲೆಯ ಚೀಟಿಯನ್ನು ಮಾತ್ರ ನೋಡಿ ಅಗ್ಗ, ದುಬಾರಿ ಎನ್ನುವುದು ಲೆಕ್ಕಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಕೊಂಡ ಬೆಲೆಯಿಂದ ಮುಂದೆ ಮಾರಿ ಬರುವ ಹಣವನ್ನು ಕಳೆದು, ತೊಡಗಿಸಿದ ಹಣಕ್ಕೆ ಬರಬಹುದಾಗಿದ್ದ ಬಡ್ಡಿಯನ್ನು ಕೂಡಿಸಿ, ಬಳಸಿದ ತಿಂಗಳುಗಳಿಂದ ಭಾಗಿಸಿದರೆ ನಿಜವಾದ ಬೆಲೆ ತಿಳಿಯುತ್ತದೆ.

ಉದಾಹರಣೆಗೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಐದು ಸಾವಿರ ರೂಪಾಯಿಯ ಆಟಿಕೆ ಕೀಬೋರ್ಡು ಆರು ತಿಂಗಳಲ್ಲಿ ಮೂಲೆ ಸೇರಿ, ಮರುಮಾರಾಟಕ್ಕೆ ಏನೂ ಬಾರದಿದ್ದರೆ, ತಿಂಗಳಿಗೆ 833 ರೂಪಾಯಿ ಖರ್ಚಾಯಿತು. ಆಸನ, ನಿಲುಕಟ್ಟು ಸಹಿತ 45,000 ರೂಪಾಯಿಯ ಹೊಸ ಡಿಜಿಟಲ್ ಪಿಯಾನೊ ಎರಡು ವರ್ಷಗಳ ನಂತರ 27,000ಕ್ಕೆ ಮಾರಾಟವಾದರೆ ನಷ್ಟ 18,000. ಶೇಕಡಾ 7ರ ಸರಳ ಬಡ್ಡಿ 6,300. ಒಟ್ಟು 24,300, ಎಂದರೆ ತಿಂಗಳಿಗೆ ಸುಮಾರು 1,010 ರೂಪಾಯಿ. ಅದನ್ನೇ ಎರಡನೆಯ ಕೈಯಿಂದ 27,000ಕ್ಕೆ ಕೊಂಡವರು ಮತ್ತೆರಡು ವರ್ಷ ಬಳಸಿ 20,000ಕ್ಕೆ ಮಾರಿದರೆ, ಬಡ್ಡಿ ಸೇರಿ ತಿಂಗಳಿಗೆ ಬೀಳುವುದು 450 ರೂಪಾಯಿಗಿಂತ ಕಡಿಮೆ. ಅಗ್ಗದ ಆಟಿಕೆಗೂ ಒಳ್ಳೆಯ ವಾದ್ಯಕ್ಕೂ ಇರುವ ಅಂತರ ಬೆಲೆಚೀಟಿಯಲ್ಲಿ ಒಂಬತ್ತು ಪಟ್ಟು. ತಿಂಗಳ ಲೆಕ್ಕದಲ್ಲಿ ಇನ್ನೂರು ರೂಪಾಯಿಗೂ ಕಡಿಮೆ. ಎರಡನೆಯ ಕೈಯ ಒಳ್ಳೆಯ ವಾದ್ಯವಾದರೋ ಆಟಿಕೆಗಿಂತಲೂ ಅಗ್ಗ.

ಬಾಡಿಗೆಗೆ ದೊರೆತರೆ ಮೊದಲ ಆರು ತಿಂಗಳಿಗೆ ಅದು ಎಲ್ಲಕ್ಕಿಂತ ಲೇಸು. ಎರಡನೆಯ ಕೈಯ ವಾದ್ಯವನ್ನು ಕೊಳ್ಳುವಾಗ 88 ಕೀಗಳನ್ನೂ ಒಂದೊಂದಾಗಿ, ಮೆಲ್ಲಗೆ, ಮಧ್ಯಮವಾಗಿ, ಬಲವಾಗಿ ಒತ್ತಿ ನೋಡಬೇಕು. ಪೆಡಲ್, ಹೆಡ್‌ಫೋನಿನ ಕಿಂಡಿ, ವಿದ್ಯುತ್ ಅಡಾಪ್ಟರುಗಳನ್ನು ಪರೀಕ್ಷಿಸಬೇಕು. ಮೂಲ ರಸೀದಿಯನ್ನು ಕೇಳಬೇಕು. ಹಳೆಯ ತಂತಿ ಪಿಯಾನೊ ಅಗ್ಗವಾಗಿ ಸಿಗುತ್ತದೆಂದು ಮರುಳಾಗಬಾರದು. ಗೆದ್ದಲು, ತುಕ್ಕು, ಸಡಿಲಗೊಂಡ ತಂತಿಗೂಟಗಳಿದ್ದರೆ ದುರಸ್ತಿಯ ಖರ್ಚು ಕೊಂಡ ಬೆಲೆಯನ್ನು ನುಂಗೀತು. ತಜ್ಞರಿಗೆ ತೋರಿಸದೆ ಮುಂಗಡ ಕೊಡಕೂಡದು.

‘ಬಡ್ಡಿಯಿಲ್ಲದ ಕಂತು’ ಎಂಬ ಆಮಿಷದ ಬಗೆಗೂ ಎಚ್ಚರ ಬೇಕು. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತ್ತು. ಸಂಸ್ಕರಣ ಶುಲ್ಕದ ರೂಪದಲ್ಲಿಯೋ, ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ತಪ್ಪಿಹೋಗುವುದರ ಮೂಲಕವೋ ಆ ಬಡ್ಡಿಯನ್ನು ಗ್ರಾಹಕನೇ ತೆರುತ್ತಾನೆ. ನಗದಿನ ಬೆಲೆ ಎಷ್ಟು, ಕಂತುಗಳ ಒಟ್ಟು ಮೊತ್ತವೆಷ್ಟು ಎಂದು ಎರಡನ್ನೂ ಬರೆಸಿಕೊಂಡು ಹೋಲಿಸಬೇಕು.

ವಾದ್ಯದ ಋಣ ಮಗುವಿನ ಮೇಲೆ ಬೇಡ

ಅಗ್ಗದ ವಾದ್ಯ ಮಗುವಿನ ಆಸಕ್ತಿಯನ್ನು ಕೊಲ್ಲುವಂತೆ, ಅತಿ ದುಬಾರಿಯ ವಾದ್ಯವೂ ಕೊಲ್ಲಬಲ್ಲದು. ಸಾಲ ಮಾಡಿ ತಂದ ಪಿಯಾನೊ ಹಜಾರದಲ್ಲಿ ನಿಂತಾಗ, ಮಗು ಅಭ್ಯಾಸ ತಪ್ಪಿಸಿದ ಪ್ರತಿ ಸಂಜೆಯೂ ‘ಇಷ್ಟು ಹಣ ಸುರಿದಿದ್ದೇವೆ’ ಎಂಬ ಮಾತು ಮನೆಯಲ್ಲಿ ಕೇಳಿಬರುತ್ತದೆ. ಕಂತು ಕಟ್ಟುವವರು ತಂದೆ. ಋಣಿಯೆಂಬ ಭಾವ ಏಳು ವರ್ಷದ ಮಗುವಿಗೆ. ಈಗಾಗಲೇ ಖರ್ಚಾದ ಹಣ ಮಗು ನುಡಿಸಿದರೂ ಮರಳದು, ನುಡಿಸದಿದ್ದರೂ ಮರಳದು. ವ್ಯಾಪಾರದಲ್ಲಿ ಎಲ್ಲರೂ ಒಪ್ಪುವ ಈ ತತ್ತ್ವವನ್ನು ಮಕ್ಕಳ ವಿಷಯದಲ್ಲಿ ಮಾತ್ರ ಮರೆಯುವುದು ವಿಷಾದಕರ. ಮಗು ಎರಡು ವರ್ಷ ಒಳ್ಳೆಯ ವಾದ್ಯದ ಮೇಲೆ ಕಲಿತು, ಆಮೇಲೆ ತನಗೆ ಬೇಡವೆಂದರೆ, ಅದನ್ನು ಸೋಲೆಂದು ಬಗೆಯದೆ ವಾದ್ಯವನ್ನು ಇನ್ನೊಂದು ಮಗುವಿಗೆ ದಾಟಿಸಬೇಕು. ಹಾಗೆ ದಾಟಿಸಬಹುದಾದಷ್ಟು ಬೆಲೆಯ ವಾದ್ಯವನ್ನೇ ಕೊಳ್ಳಬೇಕು. ತೂಕದ ಕೀ ಇರಲಿ, ಸಾಲದ ತೂಕ ಬೇಡ.

ಸಂಘ ಸಂಸ್ಥೆಗಳು ಮಾಡಬಹುದಾದ ಕಾರ್ಯ

ತಿಂಗಳಿಗೆ ಐನೂರು ರೂಪಾಯಿಯೂ ಭಾರವೆನಿಸುವ ಮನೆಗಳಿವೆ. ವಾದ್ಯವನ್ನಿಡಲು ಗೋಡೆಯೇ ಇಲ್ಲದ ಒಂದು ಕೋಣೆಯ ಮನೆಗಳೂ ಇವೆ. ಅಲ್ಲಿನ ಮಕ್ಕಳ ಬೆರಳುಗಳಲ್ಲಿ ಸಂಗೀತವಿರಬಾರದೆಂಬ ನಿಯಮವಿಲ್ಲ. ಈ ಪ್ರದೇಶದ ಕನ್ನಡ ಸಂಘಗಳು ಪುಸ್ತಕ ಭಂಡಾರಗಳನ್ನಿಟ್ಟು, ವಿದ್ಯಾರ್ಥಿವೇತನಗಳನ್ನು ಕೊಟ್ಟು, ಯಕ್ಷಗಾನ, ಭಜನೆಗಳಿಗೆ ಆಶ್ರಯವಿತ್ತು ಬಂದಿವೆ. ಪುಸ್ತಕವನ್ನು ಹಂಚಿಕೊಂಡು ಓದಬಹುದಾದರೆ ವಾದ್ಯವನ್ನೂ ಹಂಚಿಕೊಂಡು ನುಡಿಸಬಹುದು.

ಸಂಘದ ಕೋಣೆಯಲ್ಲಿ ಐವತ್ತು ಸಾವಿರ ರೂಪಾಯಿಯ ಒಂದು ಡಿಜಿಟಲ್ ಪಿಯಾನೊವನ್ನಿಟ್ಟು, ಸಂಜೆ ನಾಲ್ಕರಿಂದ ಎಂಟರವರೆಗೆ ಅರ್ಧ ಗಂಟೆಯಂತೆ ಎಂಟು ಮಕ್ಕಳಿಗೆ ಪಾಳಿ ಗೊತ್ತುಮಾಡಿದರೆ, ಐದು ವರ್ಷಗಳ ಕೊನೆಗೆ ಅದರ ಬೆಲೆ ಶೂನ್ಯವಾಯಿತೆಂದೇ ಎಣಿಸಿದರೂ ಒಂದು ಮಗುವಿನ ಪಾಲಿಗೆ ವರ್ಷಕ್ಕೆ ಬೀಳುವುದು 1,250 ರೂಪಾಯಿ, ತಿಂಗಳಿಗೆ ನೂರರ ಮೇಲೆ ನಾಲ್ಕು. ಹೆಡ್‌ಫೋನ್ ಇರುವುದರಿಂದ ಪಕ್ಕದ ಕೋಣೆಯಲ್ಲಿ ಸಭೆಯೋ ಯಕ್ಷಗಾನದ ತರಬೇತಿಯೋ ನಡೆದರೂ ಅಡ್ಡಿಯಿಲ್ಲ. ಕಲಿತು ಮುಗಿಸಿದ ಮನೆಗಳಲ್ಲಿ ಧೂಳು ಹಿಡಿದ ವಾದ್ಯಗಳನ್ನು ಸಂಘವು ಸ್ವೀಕರಿಸಿ, ಬೇಕಾದವರಿಗೆ ಅಲ್ಪ ಬಾಡಿಗೆಗೆ ಕೊಡುವ ವ್ಯವಸ್ಥೆಯೂ ಕಷ್ಟವೇನಲ್ಲ. ಒಂದು ದಾಖಲೆ ಪುಸ್ತಕ, ಒಬ್ಬ ಜವಾಬ್ದಾರ ಸದಸ್ಯ ಇದ್ದರೆ ಸಾಕು. ಅಟ್ಟದ ಮೇಲಿನ ಹಾರ್ಮೋನಿಯಂಗಳಿಗೂ ಅದೇ ಪುಸ್ತಕದಲ್ಲಿ ಒಂದು ಪುಟ ತೆರೆಯಬಹುದು.

ಇದಕ್ಕೆ ಒಂದು ಆಕ್ಷೇಪ ಬರುವುದು ಸಹಜ: ಕನ್ನಡ ಸಂಘಕ್ಕೂ ಪಾಶ್ಚಾತ್ಯ ವಾದ್ಯಕ್ಕೂ ಏನು ಸಂಬಂಧ? ನೂರೈವತ್ತು ವರ್ಷಗಳ ಹಿಂದೆ ಹಾರ್ಮೋನಿಯಂ ಕುರಿತು ಇದೇ ಪ್ರಶ್ನೆಯನ್ನು ಕೇಳಬಹುದಿತ್ತು. ಇಂದು ಅದಿಲ್ಲದ ಭಜನಾ ಮಂಡಳಿಯೇ ಅಪರೂಪ. ತಮ್ಮ ಭಾಷೆಯ ಮಕ್ಕಳು ಕೂಡುವ ಜಾಗದಲ್ಲಿ, ಕನ್ನಡದಲ್ಲಿ ಮಾತನಾಡುತ್ತ ಸರದಿಗಾಗಿ ಕಾಯುವ ಎಂಟು ಮಕ್ಕಳು ವಾರದಲ್ಲಿ ಆರು ದಿನ ಸಂಘದ ಮೆಟ್ಟಿಲೇರುವರೆಂದರೆ, ವಾರ್ಷಿಕೋತ್ಸವದಂದು ಮಾತ್ರ ತುಂಬುವ ಅನೇಕ ಸಭಾಂಗಣಗಳಿಗೆ ಅದು ಸಣ್ಣ ಲಾಭವಲ್ಲ. ಮುಂದಿನ ವರ್ಷದ ಆಯವ್ಯಯವನ್ನು ಸಿದ್ಧಪಡಿಸುವ ಕಾರ್ಯಕಾರಿ ಸಮಿತಿಗಳು ಈ ಐವತ್ತು ಸಾವಿರ ರೂಪಾಯಿಯ ಬಾಬ್ತನ್ನು ಗಂಭೀರವಾಗಿ ಪರಿಶೀಲಿಸಲಿ. ಅಲ್ಲಿಯವರೆಗೆ ಪಾಲಕರು ಅಂಗಡಿಗೆ ಹೋಗುವಾಗ ಮಗುವನ್ನೂ ಜೊತೆಗೆ ಕರೆದೊಯ್ದು, ಒಂದೇ ಕೀಯನ್ನು ಮೆಲ್ಲಗೊಮ್ಮೆ ಗಟ್ಟಿಯಾಗಿ ಒಮ್ಮೆ ಒತ್ತಿಸಿ, ಎರಡು ನಾದಗಳಿಗೂ ಭೇದ ತಿಳಿಯಿತೇ ಎಂದು ಮಗುವನ್ನೇ ಕೇಳಲಿ.